ಅಚ್ಚಿನ ಕಮ್ಮಟದ ಲೆಕ್ಕಪುಸ್ತಕ

(ಬಾನುಲಿ ಭಾಷಣ)

ಕಲೆಯನ್ನು ಕುರಿತು ಮಾತನಾಡುವಾಗ ಹಣದ ಪ್ರಸ್ತಾಪವೆತ್ತುವುದು ಸಭ್ಯತೆಗೆ ಒಪ್ಪದ ನಡೆಯೆಂಬ ಭಾವನೆ ನಮ್ಮಲ್ಲಿ ಬೆಳೆದುಬಂದಿದೆ. ಕವಿಗೆ ಸಂಭಾವನೆ ಎಷ್ಟೆಂದು ಕೇಳಲು ನಾಚುತ್ತೇವೆ. ಚಿತ್ರಕಾರನ ಮನೆ ಬಾಡಿಗೆಯನ್ನು ವಿಚಾರಿಸುವುದು ಅವನ ಪ್ರತಿಭೆಗೆ ಬಗೆದ ಅಪಚಾರವೆಂದು ತಿಳಿಯುತ್ತೇವೆ. ಆದರೆ ಬಾಡಿಗೆ, ಕೂಲಿ, ಕಾಗದದ ಬೆಲೆ ಇವುಗಳನ್ನು ಬದಿಗಿರಿಸಿ ಮಾತನಾಡಲಾಗದ ಕಲೆಗಳೂ ಉಂಟು. ಅಚ್ಚುಚಿತ್ರದ ಕಲೆ ಅಂಥದು. ಹಲವು ಕಲಾವಿದರು ಕೂಡಿ ದುಡಿಯುವ ಅಚ್ಚುಚಿತ್ರದ ಕಮ್ಮಟಗಳು ಹೇಗೆ ಬದುಕುತ್ತವೆ, ಏಕೆ ಬಾಗಿಲು ಮುಚ್ಚುತ್ತವೆ, ಅವು ಬಾಳುವಂತಾಗಲು ಏನು ಮಾಡಬೇಕು ಎಂಬುದೇ ಈ ಹೊತ್ತಿನ ನನ್ನ ವಿಷಯ.

ಕನ್ನಡ ಅಧ್ಯಾಪಕನಾಗಿ ಆಯುಷ್ಯ ಸವೆಸಿದವನಿಗೆ ಪದದಿಂದ ಆರಂಭಿಸುವ ಚಟ ಸುಲಭವಾಗಿ ಬಿಡುವುದಿಲ್ಲ. ಕಥೆ, ಕಾವ್ಯ, ನಾಟಕಗಳ ಶಿಬಿರಗಳನ್ನು ನಾವಿಂದು ಕಮ್ಮಟಗಳೆಂದು ಕರೆಯುತ್ತೇವೆ. ಶಾಸನಗಳ ಕಾಲದಲ್ಲಿ ಕಮ್ಮಟವೆಂದರೆ ನಾಣ್ಯವನ್ನು ಟಂಕಿಸುವ ಸ್ಥಳ, ಟಂಕಸಾಲೆ. ಅಚ್ಚು ಎಂಬ ಮಾತೂ ಹಾಗೆಯೇ ಹಲವು ಮನೆಗಳಲ್ಲಿ ಓಡಾಡಿದ್ದು. ಅಚ್ಚೊತ್ತಿದ್ದು ಹೊನ್ನಾಗಬಹುದು, ಅಕ್ಷರವಾಗಬಹುದು, ಬೆಲ್ಲವೂ ಆಗಬಹುದು. ಹೊನ್ನು ಹುಟ್ಟುವ ಜಾಗದ ಹೆಸರನ್ನು ಕಲೆ ಹುಟ್ಟುವ ಜಾಗಕ್ಕೆ ಕೊಟ್ಟಿದ್ದೇವೆ. ಆದರೆ ಈ ಎರಡನೆಯ ಕಮ್ಮಟದಲ್ಲಿ ಹೊನ್ನು ತಾನಾಗಿ ಹುಟ್ಟುವುದಿಲ್ಲ. ಅದನ್ನು ಹೊರಗಿನಿಂದ ತರಬೇಕು. ತಂದದ್ದು ಸಾಲದೆ ಹೋದಾಗ ಬೀಗ ಹಾಕಬೇಕು.

ಅಚ್ಚುಚಿತ್ರವೆಂದೊಡನೆ ಗೋಡೆಯ ಕ್ಯಾಲೆಂಡರನ್ನು ನೆನೆಯಬೇಡಿ. ಕ್ಯಾಲೆಂಡರಿನ ಚಿತ್ರ ಬೇರೊಂದು ವರ್ಣಚಿತ್ರದ ನೆರಳು. ನಾನು ಹೇಳುತ್ತಿರುವ ಅಚ್ಚುಚಿತ್ರಕ್ಕೆ ಅಂಥ ಬೇರೆ ಮೂಲವಿಲ್ಲ. ಕಲಾವಿದ ಮರದ ಹಲಗೆಯನ್ನು ಕೊರೆಯುತ್ತಾನೆ. ಇಲ್ಲವೆ ತಾಮ್ರದ ತಗಡಿನ ಮೇಲೆ ಗೀರಿದ ಗೆರೆಗಳನ್ನು ಆಮ್ಲಕ್ಕೆ ಕೊಟ್ಟು ಆಳಗೊಳಿಸುತ್ತಾನೆ. ಇಲ್ಲವೆ ನಯವಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆಯುತ್ತಾನೆ. ಅದಕ್ಕೆ ಮಸಿ ಸವರಿ, ಕಾಗದವಿಟ್ಟು, ಒತ್ತಿ ತೆಗೆದ ಪ್ರತಿಯೊಂದು ಹಾಳೆಯೂ ಮೂಲಕೃತಿಯೇ. ಐವತ್ತು ಪ್ರತಿ ತೆಗೆಯುವುದೆಂದು ನಿಶ್ಚಯಿಸಿದರೆ ಏಳನೆಯ ಹಾಳೆಯ ಅಡಿಯಲ್ಲಿ ಸೀಸದ ಕಡ್ಡಿಯಿಂದ 7/50 ಎಂದು ಬರೆದು ರುಜು ಹಾಕುತ್ತಾರೆ. ಕಲ್ಲಚ್ಚು ಕನ್ನಡಿಗರಿಗೆ ಹೊಸದೇನೂ ಅಲ್ಲ. 1843ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಿಂದಲೇ ಮೂಡಿಬಂತು.

ಕವಿಗೆ ಲೇಖನಿ ಮತ್ತು ಕಾಗದ ಸಾಕು. ಅಚ್ಚುಚಿತ್ರಕಾರನಿಗಾದರೋ ಮಣಭಾರದ ಯಂತ್ರ ಬೇಕು, ಆ ಭಾರವನ್ನು ತಾಳುವ ನೆಲ ಬೇಕು, ಆಮ್ಲದ ಹೊಗೆ ಹೊರಹೋಗುವಂತೆ ಗಾಳಿಯಾಡುವ ಕೋಣೆ ಬೇಕು, ಯಂತ್ರದ ಉರುಳೆಯ ಕೆಳಗೆ ಹಾಸುವ ದಪ್ಪ ಉಣ್ಣೆಯ ಬಟ್ಟೆ ಬೇಕು, ಹತ್ತಿಯ ನಾರಿನ ಗಟ್ಟಿ ಕಾಗದ ಬೇಕು. ಇವೆಲ್ಲಕ್ಕಿಂತ ಮಿಗಿಲಾಗಿ ಮಸಿಯ ಹದ, ಕಲ್ಲಿನ ಗುಣ, ಒತ್ತಡದ ಪ್ರಮಾಣ ಬಲ್ಲ ಕುಶಲ ಮುದ್ರಕನೊಬ್ಬ ಬೇಕು. ಒಬ್ಬ ಯುವಕಲಾವಿದ ಇಷ್ಟನ್ನೂ ಸ್ವಂತಕ್ಕೆ ಹೊಂದಿಸಿಕೊಳ್ಳುವುದು ಅಸಾಧ್ಯವೆಂದೇ ಹೇಳಬೇಕು. ಆದ್ದರಿಂದ ಯಂತ್ರ ಹತ್ತು ಜನರದು, ಕೃತಿ ಮಾತ್ರ ಒಬ್ಬೊಬ್ಬರದು ಎಂಬ ಏರ್ಪಾಡು ಈ ಕಲೆಯಲ್ಲಿ ಸಹಜವಾಗಿ ಬೆಳೆಯಿತು. ಪ್ರಶ್ನೆ ಹುಟ್ಟುವುದೂ ಇಲ್ಲಿಯೇ: ಹತ್ತು ಜನರ ಯಂತ್ರದ ಬಾಡಿಗೆಯನ್ನು ಕೊಡುವವರು ಯಾರು?

ಮೊದಲನೆಯ ಉತ್ತರ, ಸರ್ಕಾರ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಮೆರಿಕದ ರೂಸ್‌ವೆಲ್ಟ್ ಸರ್ಕಾರ ನಿರುದ್ಯೋಗಿಗಳಿಗೆ ಕೆಲಸ ಕೊಡುವ ದೊಡ್ಡ ಯೋಜನೆಗಳನ್ನು ಹಮ್ಮಿಕೊಂಡಾಗ ಕಲಾವಿದರನ್ನೂ ದುಡಿಯುವವರೆಂದೇ ಎಣಿಸಿ ಸಂಬಳ ಕೊಟ್ಟಿತು. ಆ ಯೋಜನೆಯ ನೆರವಿನಿಂದ ನ್ಯೂಯಾರ್ಕ್ ನಗರದಲ್ಲಿ, ಆಫ್ರಿಕನ್ ಮೂಲದ ಅಮೆರಿಕನ್ನರು ನೆಲೆಸಿದ್ದ ಹಾರ್ಲೆಮ್ ಕೇರಿಯಲ್ಲಿ, 1937ರಲ್ಲಿ ಒಂದು ಸಮುದಾಯ ಕಲಾಕೇಂದ್ರ ಆರಂಭವಾಯಿತು. ಶಿಲ್ಪಿ ಅಗಸ್ಟಾ ಸ್ಯಾವೇಜ್ ಅದರ ಮೊದಲ ನಿರ್ದೇಶಕಿ. ಕೇರಿಯ ಮಕ್ಕಳಿಗೆ, ದುಡಿಯುವವರಿಗೆ ಚಿತ್ರ, ಶಿಲ್ಪ, ಕಲ್ಲಚ್ಚು ಎಲ್ಲವನ್ನೂ ಅಲ್ಲಿ ಕಲಿಸುತ್ತಿದ್ದರು. ಯುದ್ಧ ಬಂತು, ಸರ್ಕಾರದ ಆದ್ಯತೆಗಳು ಬದಲಾದವು, ಹಣ ನಿಂತಿತು. 1942ರಲ್ಲಿ ಕೇಂದ್ರವೂ ನಿಂತಿತು. ಅಲ್ಲಿಗೆ ಬರುವವರಿಗೇನೂ ಕೊರತೆಯಾಗಿರಲಿಲ್ಲ. ಕಲಿಸುವವರ ಉತ್ಸಾಹವೂ ಬತ್ತಿರಲಿಲ್ಲ. ಒಂದೇ ಕಂಬದ ಮೇಲೆ ನಿಂತ ಚಪ್ಪರ, ಆ ಕಂಬವನ್ನು ಕಿತ್ತೊಡನೆ ಮಲಗಿತು.

ಆದರೆ ಅಲ್ಲಿ ಕಲ್ಲಚ್ಚು ಕಲಿತ ಹುಡುಗರಲ್ಲಿ ಒಬ್ಬ ಆ ಚಪ್ಪರವನ್ನು ಮರೆಯಲಿಲ್ಲ. ಆತನ ಹೆಸರು ರಾಬರ್ಟ್ ಬ್ಲ್ಯಾಕ್‌ಬರ್ನ್. ಜಮೈಕಾದಿಂದ ವಲಸೆ ಬಂದ ತಂದೆತಾಯಿಗಳಿಗೆ 1920ರಲ್ಲಿ ಹುಟ್ಟಿ ಹಾರ್ಲೆಮ್‌ನಲ್ಲಿ ಬೆಳೆದವನು. 1947-48ರ ವೇಳೆಗೆ ನ್ಯೂಯಾರ್ಕಿನ ಚೆಲ್ಸೀ ಭಾಗದಲ್ಲಿ, 17ನೆಯ ಬೀದಿಯ ಕಟ್ಟಡವೊಂದರಲ್ಲಿ, ಕಲ್ಲಚ್ಚಿನ ಯಂತ್ರವೊಂದನ್ನು ಹೂಡಿ ಕಮ್ಮಟವನ್ನು ತೆರೆದನು. ಹೆಸರಾಂತ ಕಲಾವಿದರು, ನಿನ್ನೆ ಮೊನ್ನೆ ಕಲಿಯಲು ಬಂದವರು, ಹೊರದೇಶಗಳಿಂದ ಬಂದಿಳಿದವರು, ಎಲ್ಲರೂ ಅಲ್ಲಿ ಒಂದೇ ಮೇಜಿನ ಸುತ್ತ ನಿಂತು ಕೆಲಸ ಮಾಡಿದರು. ಗುಣಕ್ಕೂ ಆಸಕ್ತಿಗೂ ಅಲ್ಲಿ ಪ್ರವೇಶವಿತ್ತು. ಹಣವಿಲ್ಲವೆಂಬ ಕಾರಣಕ್ಕೆ ಯಾರನ್ನಾದರೂ ಹಿಂದಕ್ಕೆ ಕಳುಹಿಸುವುದು ಬ್ಲ್ಯಾಕ್‌ಬರ್ನನ ಸ್ವಭಾವಕ್ಕೆ ಒಗ್ಗುತ್ತಿರಲಿಲ್ಲ. ಜನಾಂಗಭೇದ ಕಾನೂನಿನಲ್ಲಿಯೂ ನಡವಳಿಕೆಯಲ್ಲಿಯೂ ಬೇರೂರಿದ್ದ ಆ ದಿನಗಳಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ.

ಈ ತೆರೆದ ಬಾಗಿಲಿನ ವೆಚ್ಚವನ್ನು ಯಾರು ಭರಿಸಿದರು? ಬಹುಮಟ್ಟಿಗೆ ಬ್ಲ್ಯಾಕ್‌ಬರ್ನನೇ. ಅವನು ಕಲಿಸಿದನು, ಇತರರ ಕಲ್ಲುಗಳನ್ನು ಅಚ್ಚುಹಾಕಿಕೊಟ್ಟನು. 1957ರಿಂದ 1963ರವರೆಗೆ ನಗರದ ಹೊರಗೆ ತತ್ಯಾನಾ ಗ್ರಾಸ್ಮನ್ ಎಂಬಾಕೆ ನಡೆಸುತ್ತಿದ್ದ ಕಲ್ಲಚ್ಚಿನ ಪ್ರಕಾಶನ ಸಂಸ್ಥೆಯಲ್ಲಿ ಪ್ರಧಾನ ಮುದ್ರಕನಾಗಿ ದುಡಿದನು. ಜಾಸ್ಪರ್ ಜಾನ್ಸ್, ರಾಬರ್ಟ್ ರೌಶೆನ್‌ಬರ್ಗ್ ಮೊದಲಾದವರ ಮೊದಮೊದಲ ಕಲ್ಲಚ್ಚುಗಳು ಮೂಡಿದ್ದು ಅವನ ಕೈಯಲ್ಲಿ. ಆ ಹಾಳೆಗಳು ಮುಂದೆ ದೊಡ್ಡ ದೊಡ್ಡ ಸಂಗ್ರಹಾಲಯಗಳನ್ನು ಸೇರಿದವು. ಮುದ್ರಕ ಮಾತ್ರ ತನ್ನ ಕಮ್ಮಟಕ್ಕೆ ಹಿಂದಿರುಗಿದನು. 1956ರ ಸುಮಾರಿಗೆ ಸ್ನೇಹಿತರು ಸೇರಿ ಅದನ್ನು ಸಹಕಾರಿ ರೀತಿಯಲ್ಲಿ ನಡೆಸಲು ಯತ್ನಿಸಿದ್ದರು. 1971ರಲ್ಲಿ ಅದು ಲಾಭೋದ್ದೇಶವಿಲ್ಲದ ಸಂಸ್ಥೆಯಾಗಿ ನೋಂದಣಿಯಾಯಿತು. ಅಲ್ಲಿಂದ ಮುಂದೆ ಸರ್ಕಾರದ, ಪ್ರತಿಷ್ಠಾನಗಳ ಅನುದಾನಕ್ಕೆ ಅರ್ಹತೆ ದೊರೆಯಿತು. 1992ರಲ್ಲಿ ಅವನಿಗೆ ಅಮೆರಿಕದ ಅತ್ಯಂತ ಗೌರವದ ಮೆಕಾರ್ಥರ್ ಫೆಲೋಶಿಪ್ ಬಂತು. ಹೀಗಿದ್ದೂ 2001ರ ವೇಳೆಗೆ ಹಣದ ಮುಗ್ಗಟ್ಟಿನಿಂದ ಕಮ್ಮಟ ಮುಚ್ಚಿತು. ವೃದ್ಧ ಬ್ಲ್ಯಾಕ್‌ಬರ್ನ್ 2003ರಲ್ಲಿ ತೀರಿಕೊಂಡನು.

ಅರ್ಧ ಶತಮಾನ ನಡೆದ ಸಂಸ್ಥೆಯನ್ನು ವಿಫಲವೆಂದು ಕರೆಯುವ ಧಾರ್ಷ್ಟ್ಯ ನನಗಿಲ್ಲ. ಅಲ್ಲಿ ಮೂಡಿದ ಸಾವಿರಾರು ಹಾಳೆಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸಂಗ್ರಹದಲ್ಲಿವೆ. ಅಲ್ಲಿ ಕಲಿತವರು ತಮ್ಮ ತಮ್ಮ ಊರುಗಳಲ್ಲಿ ಕಮ್ಮಟ ಕಟ್ಟಿದರು. ಆದರೆ ಒಂದು ವಿಚಾರ ನನ್ನನ್ನು ಮತ್ತೆ ಮತ್ತೆ ಕಾಡುತ್ತದೆ. ಬ್ಲ್ಯಾಕ್‌ಬರ್ನ್ ಸ್ವತಃ ಉತ್ತಮ ಕಲಾವಿದ. ಅವನ ಕೃತಿಗಳನ್ನು ಬಲ್ಲವರೆಲ್ಲ ಹೇಳುವ ಮಾತೆಂದರೆ, ಇತರರ ಕೆಲಸಕ್ಕೆ ಕೈಯೊಡ್ಡುತ್ತ ತನ್ನ ಕೆಲಸಕ್ಕೆ ಅವನಿಗೆ ಬಿಡುವು ಸಿಕ್ಕಿದ್ದು ಕಡಿಮೆ. ಬಾಡಿಗೆ, ಮಸಿ, ಕಾಗದಗಳ ಖರ್ಚು ಯಾವ ಸಂಸ್ಥೆಯ ಲೆಕ್ಕದಲ್ಲಾದರೂ ಕಾಣುತ್ತದೆ. ಅವನು ಬರೆಯದೆ ಉಳಿಸಿದ ಚಿತ್ರಗಳ ಬೆಲೆ ಮಾತ್ರ ಯಾವ ಕಲಮಿನಲ್ಲಿಯೂ ಕಾಣುವುದಿಲ್ಲ. ಇಂಥ ಸಂಸ್ಥೆಗಳಿಗೆ ಸಿಗುವ ಅತಿದೊಡ್ಡ ಅನುದಾನವೇ ಇದು: ಸ್ಥಾಪಕನ ಸಂಬಳವಿಲ್ಲದ ದುಡಿಮೆ. ಅದಕ್ಕೆ ಅರ್ಜಿ ಹಾಕಬೇಕಾಗಿಲ್ಲ, ರಸೀದಿ ಕೊಡಬೇಕಾಗಿಲ್ಲ. ಆದ್ದರಿಂದಲೇ ಅದು ಮುಗಿಯುತ್ತ ಬಂದದ್ದು ಯಾರ ಗಮನಕ್ಕೂ ಬರುವುದಿಲ್ಲ. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ನಮ್ಮ ಹಿರಿಯರು ತುಸು ಕಟುವಾಗಿಯೇ ಹೇಳಿದರು.

ನಮ್ಮ ನಾಡಿನ ಸಣ್ಣ ಸಾಹಿತ್ಯಪತ್ರಿಕೆಗಳನ್ನೂ ಹವ್ಯಾಸಿ ನಾಟಕತಂಡಗಳನ್ನೂ ಬಲ್ಲವರಿಗೆ ಈ ಕಥೆ ಅಪರಿಚಿತವಲ್ಲ. ಸಂಪಾದಕನ ಹೆಂಡತಿಯ ಬಳೆ ಅಡವಿಗೆ ಹೋಗಿ ಸಂಚಿಕೆ ಹೊರಬಂದುದನ್ನು ನಾವು ಸನ್ಮಾನದ ಭಾಷಣಗಳಲ್ಲಿ ಹೆಮ್ಮೆಯಿಂದ ಸ್ಮರಿಸುತ್ತೇವೆ. ಆ ಬಳೆಯನ್ನು ಬಿಡಿಸಿಕೊಡುವ ಯೋಚನೆ ಮಾತ್ರ ಚಂದಾದಾರರಲ್ಲಿ ಯಾರಿಗೂ ಹೊಳೆಯಲಿಲ್ಲ. ತ್ಯಾಗಕ್ಕೆ ನಾನು ವಿರೋಧಿಯಲ್ಲ; ಆರಂಭಕ್ಕೆ ಅದು ಬೇಕೇ ಬೇಕು. ತ್ಯಾಗದಿಂದ ಹುಟ್ಟಿದ ಸಂಸ್ಥೆ ತ್ಯಾಗದಿಂದಲೇ ಕೊನೆಯವರೆಗೆ ನಡೆಯಬೇಕೆಂಬ ನಮ್ಮ ನಿರೀಕ್ಷೆಯಲ್ಲಿ ಕ್ರೌರ್ಯವಿದೆ ಎಂಬುದಷ್ಟೇ ನನ್ನ ಮಾತು.

ಹಾಗಾದರೆ ಬೇರೆ ದಾರಿಗಳಿವೆಯೆ? ಇವೆ. ಪ್ಯಾರಿಸ್ಸಿನಲ್ಲಿ 1927ರಲ್ಲಿ ಇಂಗ್ಲಿಷ್ ಕಲಾವಿದ ಸ್ಟಾನ್ಲಿ ವಿಲಿಯಂ ಹೇಟರ್ ಆರಂಭಿಸಿದ ‘ಆತಲ್ಯೇ 17’ ಎಂಬ ಕಮ್ಮಟದಲ್ಲಿ ಕೆಲಸ ಮಾಡುವವರು ಶುಲ್ಕ ಕೊಟ್ಟು ಕೆಲಸ ಮಾಡುತ್ತಿದ್ದರು. ನಮ್ಮ ನೆರೆಯ ಚಿತ್ತೂರು ಸೀಮೆಯಲ್ಲಿ 1925ರಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಕಲಿತು, ಒಂದೇ ತಗಡಿನಿಂದ ಹಲವು ಬಣ್ಣಗಳನ್ನು ಏಕಕಾಲಕ್ಕೆ ಮೂಡಿಸುವ ವಿಧಾನವನ್ನು ಬೆಳೆಸಿದವರಲ್ಲಿ ಪ್ರಮುಖರಾದ ಕೃಷ್ಣಾ ರೆಡ್ಡಿಯವರು ಅಲ್ಲಿ ಹೇಟರನ ಸಹನಿರ್ದೇಶಕರಾಗಿದ್ದರು. 1988ರಲ್ಲಿ ಹೇಟರ್ ತೀರಿಕೊಂಡ ಮೇಲೂ ಕಮ್ಮಟ ಹೆಸರು ಬದಲಾಯಿಸಿಕೊಂಡು ಮುಂದುವರಿಯಿತು. ಬಳಸುವವನು ತನ್ನ ಪಾಲು ಕೊಡಬೇಕೆಂಬ ನಿಯಮ ಅಲ್ಲಿ ಮೊದಲ ದಿನದಿಂದ ಇದ್ದದ್ದೇ ಅದಕ್ಕೆ ಒಂದು ಬಲವಾಗಿರಬೇಕು.

ಅನುದಾನವನ್ನು ವಿವೇಕದಿಂದ ಬಳಸಿದ ನಿದರ್ಶನವೂ ಇದೆ. ಜೂನ್ ವೇಯ್ನ್ ಎಂಬ ಕಲಾವಿದೆ 1960ರಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಲಾಸ್ ಏಂಜಲಿಸ್‌ನಲ್ಲಿ ಟಮರಿಂಡ್ ಎಂಬ ಕಲ್ಲಚ್ಚಿನ ಕಮ್ಮಟವನ್ನು ಸ್ಥಾಪಿಸಿದಳು. ಪ್ರತಿಷ್ಠಾನದ ಹಣ ಒಂದು ದಿನ ನಿಲ್ಲುತ್ತದೆಂಬುದು ಆಕೆಗೆ ಆರಂಭದಲ್ಲಿಯೇ ಗೊತ್ತಿತ್ತು. ಹಣವಿದ್ದಾಗಲೇ ಕುಶಲ ಮುದ್ರಕರ ಒಂದು ಪೀಳಿಗೆಯನ್ನು ತಯಾರಿಸಿದಳು. ಕಲ್ಲಿನ ರಸಾಯನವನ್ನು ಅಧ್ಯಯನ ಮಾಡಿದಷ್ಟೇ ಶ್ರದ್ಧೆಯಿಂದ ಒಂದು ಹಾಳೆಗೆ ತಗಲುವ ವೆಚ್ಚ, ಇಡಬೇಕಾದ ಬೆಲೆ, ಕೊಳ್ಳುವವರ ಮನಸ್ಸು ಇವನ್ನೂ ಅಧ್ಯಯನ ಮಾಡಿಸಿದಳು. 1970ರಲ್ಲಿ ಟಮರಿಂಡ್ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಆಶ್ರಯಕ್ಕೆ ಹೋಗಿ ನೆಲೆಯಾಯಿತು. ಅನುದಾನವನ್ನು ಆಕೆ ಊಟಕ್ಕೆ ಬಳಸಲಿಲ್ಲ, ಬಿತ್ತನೆಗೆ ಬಳಸಿದಳು.

ಆದರೆ ನನಗೆ ಅತ್ಯಂತ ಸ್ವಾರಸ್ಯಕರವಾಗಿ ಕಂಡದ್ದು ದೊಡ್ಡ ನಗರಗಳ ಕಮ್ಮಟಗಳಲ್ಲ. ಕೆನಡಾದ ಉತ್ತರದ ತುದಿಯಲ್ಲಿ, ಮರವೇ ಬೆಳೆಯದ ಹಿಮಭೂಮಿಯಲ್ಲಿ, ಹಿಂದೆ ಕೇಪ್ ಡಾರ್ಸೆಟ್ ಎಂದು ಕರೆಯುತ್ತಿದ್ದ, 2020ರಿಂದ ಕಿಂಗೈತ್ ಎಂಬ ತನ್ನ ಹಳೆಯ ಹೆಸರಿಗೆ ಮರಳಿದ ಒಂದು ಪುಟ್ಟ ಊರಿದೆ. ಅಲ್ಲಿನ ಇನುಯಿಟ್ ಜನ ಬೇಟೆಗಾರರು; ಬಿಳಿ ನರಿಯ ತುಪ್ಪಳದ ಬೆಲೆ ಕುಸಿದು ಕೈಕಟ್ಟಿ ಕುಳಿತಿದ್ದ ಕಾಲ. ಸರ್ಕಾರದ ಅಧಿಕಾರಿಯಾಗಿಯೂ ಕಲಾವಿದನಾಗಿಯೂ ಅಲ್ಲಿದ್ದ ಜೇಮ್ಸ್ ಹ್ಯೂಸ್ಟನ್‌ನನ್ನು ಒಸುಯಿಟೊಕ್ ಇಪೀಲಿ ಎಂಬ ಕೆತ್ತನೆಗಾರ ಕೇಳಿದನಂತೆ: ಸಿಗರೇಟಿನ ಪೊಟ್ಟಣದ ಮೇಲೆ ಒಂದೇ ನಾವಿಕನ ತಲೆಯನ್ನು ಮತ್ತೆ ಮತ್ತೆ ಬರೆಯಲು ಅವರಿಗೆ ಬೇಸರವಾಗುವುದಿಲ್ಲವೆ? ಉತ್ತರವಾಗಿ ಹ್ಯೂಸ್ಟನ್ ಅವನೇ ಕೆತ್ತಿದ್ದ ದಂತಕ್ಕೆ ಮಸಿ ಬಳಿದು, ಮೇಲೆ ತೆಳುಕಾಗದವಿಟ್ಟು ಉಜ್ಜಿ ತೋರಿಸಿದನು. ಅಲ್ಲಿಂದ ಕಲ್ಲಿನ ಮೇಲೆ ಕೆತ್ತಿ ಅಚ್ಚುತೆಗೆಯುವ ಕೆಲಸ ಮೊದಲಾಯಿತು. ಹ್ಯೂಸ್ಟನ್ ಜಪಾನಿಗೆ ಹೋಗಿ ಉನಿಚಿ ಹಿರಾತ್ಸುಕಾ ಎಂಬ ಮರದಚ್ಚಿನ ಗುರುವಿನ ಬಳಿ ಕೆಲವು ತಿಂಗಳು ಕಲಿತು ಬಂದನು. 1959ರಲ್ಲಿ ಊರವರೇ ಒಡೆಯರಾದ ಸಹಕಾರ ಸಂಘ ಸ್ಥಾಪನೆಯಾಯಿತು. ಆ ವರ್ಷವೇ ಮೊದಲ ಅಚ್ಚುಚಿತ್ರ ಸಂಗ್ರಹ ಹೊರಬಂತು. ಅಂದಿನಿಂದ ಬಹುತೇಕ ವರ್ಷಕ್ಕೊಂದರಂತೆ ಸಂಗ್ರಹಗಳು ಬಂದಿವೆ.

ಅವರ ಏರ್ಪಾಡನ್ನು ಸ್ವಲ್ಪ ವಿವರವಾಗಿ ನೋಡಬೇಕು. ಊರಿನ ಯಾರೇ ಆಗಲಿ ಚಿತ್ರ ಬರೆದು ತಂದರೆ ಸಂಘ ಅದನ್ನು ಹಣ ಕೊಟ್ಟು ಕೊಳ್ಳುತ್ತದೆ. ಅಚ್ಚಿಗೆ ಆಯ್ಕೆಯಾಗಲಿ ಬಿಡಲಿ, ಬರೆದವನ ಕೈಗೆ ಅಂದೇ ದುಡ್ಡು ಬೀಳುತ್ತದೆ. ಆಯ್ದ ಚಿತ್ರಗಳನ್ನು ಕಲ್ಲಿನಲ್ಲಿ ಕೆತ್ತುವವರು, ಅಚ್ಚುತೆಗೆಯುವವರು ಬೇರೆ; ಅವರಿಗೂ ದುಡಿಮೆಗೆ ತಕ್ಕ ಪ್ರತಿಫಲವುಂಟು. ಸಾಮಾನ್ಯವಾಗಿ ಪ್ರತಿ ಚಿತ್ರಕ್ಕೆ ಐವತ್ತು ಪ್ರತಿಗಳು. ವರ್ಷಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ದಕ್ಷಿಣದ ನಗರಗಳ ಕಲಾಮಂದಿರಗಳಲ್ಲಿ ಬಿಡುಗಡೆ ಮಾಡುತ್ತಾರೆ. ಮಾರಾಟದ ಕೆಲಸಕ್ಕೆಂದೇ 1978ರಲ್ಲಿ ಟೊರಾಂಟೋದಲ್ಲಿ ಒಂದು ಶಾಖೆ ತೆರೆದರು. ಅದೇ ಸಂಘ ಊರಿನಲ್ಲಿ ದಿನಬಳಕೆಯ ಸಾಮಾನಿನ ಅಂಗಡಿಯನ್ನೂ ನಡೆಸಿತು. ಚಿತ್ರದ ವ್ಯಾಪಾರ ಕುಂದಿದ ವರ್ಷ ಹಿಟ್ಟು, ಚಹಾಗಳ ವ್ಯಾಪಾರ ಕೈಹಿಡಿಯುತ್ತದೆ. ಕಲೆಯ ಸಂಸ್ಥೆಯೊಂದು ದಿನಸಿ ಮಾರುವುದೆಂದರೆ ನಮ್ಮಲ್ಲಿ ಮೂಗು ಮುರಿಯುವವರುಂಟು. ಆ ಊರಿನವರಿಗೆ ಹಾಗನ್ನಿಸಲಿಲ್ಲ; ಅವರ ಕಲೆ ಅದರಿಂದ ಅಗ್ಗವಾಗಲೂ ಇಲ್ಲ. ಕೆನೊಜುವಾಕ್ ಅಶೆವಾಕ್ ಎಂಬ ಮಹಿಳೆ 1960ರಲ್ಲಿ ರಚಿಸಿದ ‘ಮಾಯದ ಗೂಬೆ’ ಎಂಬ ಚಿತ್ರ 1970ರಲ್ಲಿ ಕೆನಡಾದ ಅಂಚೆಚೀಟಿಯ ಮೇಲೆ ಮೂಡಿತು.

ಈ ಕಥೆಗೂ ಒಂದು ಮುಳ್ಳಿದೆ. ಅದೇ ಗೂಬೆಯ ಪ್ರತಿಯೊಂದು ಬಹು ವರ್ಷಗಳ ತರುವಾಯ ಹರಾಜಿನಲ್ಲಿ ಒಂದು ಲಕ್ಷ ಡಾಲರಿಗೂ ಮಿಕ್ಕಿದ ಬೆಲೆಗೆ ಹೋಯಿತು; ಆ ಲಾಭ ಸೇರಿದ್ದು ಹಾಳೆಯನ್ನು ಕೊಂಡಿಟ್ಟುಕೊಂಡಿದ್ದವರಿಗೆ. ಬೆಲೆ ಏರುವುದು ಕಲಾವಿದನ ಕೈದಾಟಿದ ಮೇಲೆ. ಆದ್ದರಿಂದ ಪ್ರತಿ ಆವೃತ್ತಿಯಲ್ಲಿ ಕೆಲವು ಹಾಳೆಗಳನ್ನು ಕಮ್ಮಟವೇ ಮಾರದೆ ಉಳಿಸಿಕೊಳ್ಳುವುದು ಜಾಣತನ. ಇಂದಿನ ಕಪಾಟು ಇಪ್ಪತ್ತು ವರ್ಷಗಳ ನಂತರದ ಮೂಲಧನ. ಈ ಸೌಲಭ್ಯ ಸಂಗೀತ ಕಛೇರಿಗಿಲ್ಲ, ನಾಟಕಕ್ಕಿಲ್ಲ. ಪ್ರತಿಗಳ ಕಲೆಯಾದ ಅಚ್ಚುಚಿತ್ರಕ್ಕೆ ಉಂಟು.

ಕಿಂಗೈತಿನ ಸಹಕಾರ ಸಂಘ ಎಲ್ಲಿ ಬೇಕಾದರೂ ಬೇರೂರುವ ಸಸಿಯಲ್ಲ ಎಂಬುದು ನಿಜ. ನಗರದ ಕಮ್ಮಟಕ್ಕೆ ದಿನಸಿ ಅಂಗಡಿಯ ಬದಲು ಸಾಮಾನ್ಯವಾಗಿ ಒದಗುವುದು ಹೊರಗಿನ ಅಚ್ಚುಕೆಲಸ. ಅದರ ಲಾಭವನ್ನೂ ಅಪಾಯವನ್ನೂ ನಮ್ಮ ದೇಶದ ಒಂದು ಉದಾಹರಣೆ ಒಟ್ಟಿಗೆ ತೋರಿಸುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರಾಜಾ ರವಿವರ್ಮನ ಮೂಲಚಿತ್ರಗಳನ್ನು ನೋಡಿದವರು ಕೆಲವರು. ಅವನ ಲಕ್ಷ್ಮೀ ಸರಸ್ವತಿಯರನ್ನು ಕಲ್ಲಚ್ಚಿನ ಹಾಳೆಯಲ್ಲಿ ಪೂಜಿಸಿದ ಮನೆಗಳಿಗೆ ಲೆಕ್ಕವಿಲ್ಲ. ಆ ಹಾಳೆಗಳಿಗಾಗಿ ಅವನು 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟವನ್ನು ತೆರೆದನು. ಹಾಳೆಗಳು ಮನೆಮನೆಗೆ ಹೋದವು, ಸಾಲವೂ ಬೆಳೆಯಿತು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅವನು ಅಚ್ಚುಕೂಟವನ್ನು ಅಲ್ಲಿಯೇ ಕೆಲಸದಲ್ಲಿದ್ದ ಫ್ರಿಟ್ಸ್ ಶ್ಲೈಖರ್ ಎಂಬ ಜರ್ಮನ್ ತಂತ್ರಜ್ಞನಿಗೆ ಮಾರಬೇಕಾಯಿತು. ಶ್ಲೈಖರ್ ಜಾಹೀರಾತು, ಸರಕಿನ ಚೀಟಿಗಳಂಥ ಬಾಜಾರಿನ ಕೆಲಸವನ್ನು ಹಿಡಿದು ಅಚ್ಚುಕೂಟವನ್ನು ನಿಲ್ಲಿಸಿದನು. ಯಂತ್ರಗಳು ಉಳಿದವು, ಆದರೆ ಅವು ಯಾರಿಗಾಗಿ ತಿರುಗುತ್ತಿದ್ದವೆಂಬುದು ಬದಲಾಯಿತು. ಹೊರಗಿನ ಕೆಲಸ ಕಮ್ಮಟವನ್ನು ಸಾಕಬಲ್ಲುದು, ನುಂಗಲೂ ಬಲ್ಲುದು. ವಾರದಲ್ಲಿ ಎಷ್ಟು ದಿನ ಯಂತ್ರ ಬಾಜಾರಿಗೆ, ಎಷ್ಟು ದಿನ ಸದಸ್ಯರಿಗೆ ಎಂಬುದನ್ನು ಮೊದಲೇ ಬರೆದಿಡಬೇಕು.

ಇಷ್ಟು ಕಥೆಗಳನ್ನು ಕೇಳಿದ ಮೇಲೆ ನಮ್ಮದೊಂದು ಜಿಲ್ಲಾ ಕೇಂದ್ರದಲ್ಲಿ ಇಂಥ ಕಮ್ಮಟ ಆರಂಭವಾಯಿತೆಂದು ಕಲ್ಪಿಸಿಕೊಳ್ಳೋಣ. ಅಂಕಿಗಳು ನನ್ನ ಕಲ್ಪನೆಯವು. ಊರಿಗೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು. ತಿಂಗಳ ಖರ್ಚು: ಬಾಡಿಗೆ 20,000 ರೂಪಾಯಿ, ಮುದ್ರಕನ ಸಂಬಳ 22,000, ಮಸಿ, ಕಾಗದ, ಆಮ್ಲ ಇತ್ಯಾದಿ 10,000, ವಿದ್ಯುತ್ತು ಮತ್ತು ದುರಸ್ತಿ 5,000, ಆಪತ್ಕಾಲಕ್ಕೆಂದು ಎತ್ತಿಡುವುದು 3,000. ಒಟ್ಟು 60,000. ಇನ್ನು ಆದಾಯ: ತಿಂಗಳಿಗೆ ಸಾವಿರದಂತೆ 15 ಸದಸ್ಯರ ಶುಲ್ಕ 15,000, ಎಂಟೆಂಟು ಜನರ ಎರಡು ತರಗತಿಗಳಿಂದ, ತಲಾ ಸಾವಿರದಂತೆ, 16,000, ಹೊರಗಿನ ಕಲಾವಿದರಿಗೆ ಅಚ್ಚುಹಾಕಿ ಕೊಟ್ಟದ್ದರಿಂದ 12,000. ಇಲ್ಲಿಗೆ 43,000 ಆಯಿತು.

ಉಳಿದುದಕ್ಕೆ ಪತ್ರಿಕೆಗಳ ಪ್ರಪಂಚದಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ಒಂದು ಉಪಾಯವಿದೆ: ಚಂದಾ. ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ 1919ರಲ್ಲಿ ಹುಟ್ಟಿದ ಅಚ್ಚುಚಿತ್ರ ಪ್ರೇಮಿಗಳ ಸಂಘ ತನ್ನ ಸದಸ್ಯರಿಗೆಂದೇ ಕಲಾವಿದರಿಂದ ಚಿತ್ರಗಳನ್ನು ಮಾಡಿಸಿ ಹಂಚುವ ಪದ್ಧತಿಯನ್ನು ಬೆಳೆಸಿತು. ನಮ್ಮ ಊರಿನಲ್ಲಿಯೂ ವರ್ಷಕ್ಕೆ 1,200 ರೂಪಾಯಿ ಕೊಡುವ 200 ಚಂದಾದಾರರಿದ್ದಾರೆಂದುಕೊಳ್ಳಿ. ನಾಲ್ವರು ಕಲಾವಿದರು ತಲಾ ಐವತ್ತು ಪ್ರತಿಗಳ ಒಂದೊಂದು ಚಿತ್ರ ಮಾಡಿದರೆ ಪ್ರತಿ ಮನೆಗೆ ಒಂದು ಹಾಳೆ ಸಲ್ಲುತ್ತದೆ. ಬಂದ 2,40,000ದಲ್ಲಿ ಅರ್ಧ ಕಲಾವಿದರಿಗೂ ಕಾಗದಕ್ಕೂ ಹೋಗಲಿ. ಉಳಿದ ಅರ್ಧ ಕಮ್ಮಟಕ್ಕೆ ತಿಂಗಳಿಗೆ 10,000 ಕೊಡುತ್ತದೆ. ಈಗ 53,000. ಕೊರತೆ ಉಳಿದದ್ದು 7,000. ಅದನ್ನು ಅಕಾಡೆಮಿಯಿಂದಲೋ ದಾನಿಗಳಿಂದಲೋ ಕೇಳಬಹುದು. ಒಂದು ವರ್ಷ ಸಿಗದೆ ಹೋದರೂ ಕಮ್ಮಟ ಮುಚ್ಚುವುದಿಲ್ಲ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ.

ಈ ಪಟ್ಟಿಯಲ್ಲಿ ನಾನು ಅತ್ಯಂತ ಮುಖ್ಯವೆಂದು ತಿಳಿಯುವ ಸಾಲು 22,000 ರೂಪಾಯಿಗಳ ಮುದ್ರಕನ ಸಂಬಳ. ಹೊಸ ಸಂಸ್ಥೆಗಳು ಉಳಿತಾಯದ ಹೆಸರಿನಲ್ಲಿ ಮೊದಲು ಹೊಡೆದುಹಾಕುವ ಸಾಲೂ ಅದೇ. ಸ್ಥಾಪಕನೇ ಮುದ್ರಕನಾಗಿ ಬಿಟ್ಟಿ ದುಡಿಯುತ್ತಾನೆ; ಲೆಕ್ಕ ಸರಿಹೊಂದಿದಂತೆ ಕಾಣುತ್ತದೆ. ಆದರೆ ಅವನು ಕಾಯಿಲೆ ಬಿದ್ದ ದಿನ, ಮುಪ್ಪಾದ ದಿನ, ಅವನ ಜಾಗಕ್ಕೆ ಬರುವವನಿಗೆ ಕೊಡಲು ಸಂಸ್ಥೆಯ ಬಳಿ ಏನೂ ಇರುವುದಿಲ್ಲ. ಸ್ಥಾಪಕ ಸಂಬಳ ಬೇಡವೆನ್ನಬಹುದು. ಆಗಲೂ ಅದನ್ನು ಖರ್ಚಿನ ಕಲಮಿನಲ್ಲಿ ಬರೆದು, ಅವನು ಕೊಟ್ಟ ದೇಣಿಗೆಯೆಂದು ಜಮೆಯ ಕಲಮಿನಲ್ಲಿ ತೋರಿಸಲಿ. ಹಾಗೆ ಬರೆದಾಗ ಸಂಸ್ಥೆ ಯಾರ ಬೆನ್ನಿನ ಮೇಲೆ ಕುಳಿತಿದೆಯೆಂಬುದು ವರ್ಷಕ್ಕೊಮ್ಮೆಯಾದರೂ ಎಲ್ಲರ ಕಣ್ಣಿಗೆ ಬೀಳುತ್ತದೆ. ಬಿದ್ದರೆ ಆ ಬೆನ್ನು ಮುರಿಯುವ ಮೊದಲು ಇಳಿಯುವ ಯೋಚನೆಯನ್ನಾದರೂ ಮಾಡಬಹುದು.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಎಲ್ಲಕ್ಕೂ ಬೆಲೆ ಕಟ್ಟುತ್ತ ಹೋದರೆ ಬ್ಲ್ಯಾಕ್‌ಬರ್ನನ ತೆರೆದ ಬಾಗಿಲು ಏನಾಯಿತು? ಶುಲ್ಕ ಕೊಡಲಾರದ ಪ್ರತಿಭಾವಂತ ಹುಡುಗಿ ಎಲ್ಲಿಗೆ ಹೋಗಬೇಕು? ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಸಮುದಾಯದ ಕಮ್ಮಟವೆಂಬ ಮಾತಿನ ಪ್ರಾಣವೇ ಅದರಲ್ಲಿದೆ. ನಮ್ಮ ಶರಣರು ಕಾಯಕವನ್ನೂ ದಾಸೋಹವನ್ನೂ ಜೋಡಿಯಾಗಿಯೇ ಹೇಳಿದರು. ಕಾಯಕದಿಂದ ಗಳಿಸಿದ್ದು ದಾಸೋಹಕ್ಕೆ ಸಲ್ಲುತ್ತದೆ. ಕಾಯಕವಿಲ್ಲದ ಮನೆಯಲ್ಲಿ ದಾಸೋಹ ಬಹುದಿನ ನಡೆಯದು. ಮಠದ ಪಂಕ್ತಿಯಲ್ಲಿ ಕುಳಿತವರಿಗೆ ಲೆಕ್ಕ ಕಾಣದಿರಬಹುದು; ಉಗ್ರಾಣದಲ್ಲಿ ಅಕ್ಕಿ ಅಳೆಯುವವನಿಗೆ ಅದು ಗೊತ್ತೇ ಇರುತ್ತದೆ. ಹದಿನೈದು ಸದಸ್ಯರಲ್ಲಿ ಮೂವರಿಗೆ ಶುಲ್ಕ ಬೇಡವೆಂದು ನಿರ್ಧರಿಸಿದರೆ ಆ ಮೂರು ಸಾವಿರವನ್ನು ಲೆಕ್ಕದಲ್ಲಿ ಬರೆಯಿರಿ, ಅದನ್ನು ತುಂಬಿಕೊಡುವ ದಾನಿಯನ್ನು ಹುಡುಕಿರಿ. ಬರೆದಿಟ್ಟ ಔದಾರ್ಯ ಬಾಳುತ್ತದೆ. ಬರೆಯದ ಔದಾರ್ಯ ಒಬ್ಬನ ಆಯುಷ್ಯದೊಂದಿಗೆ ಮುಗಿಯುತ್ತದೆ.

ಬ್ಲ್ಯಾಕ್‌ಬರ್ನನ ಕಮ್ಮಟವೇ ಇದಕ್ಕೆ ಸಾಕ್ಷಿ. ಅವನ ಮರಣದ ಎರಡು ವರ್ಷಗಳ ತರುವಾಯ, 2005ರಲ್ಲಿ, ನ್ಯೂಯಾರ್ಕಿನ ಎಲಿಜಬೆತ್ ಕಲಾ ಪ್ರತಿಷ್ಠಾನ 39ನೆಯ ಬೀದಿಯಲ್ಲಿ, ಕಲಾವಿದರ ಕೊಠಡಿಗಳಿದ್ದ ಕಟ್ಟಡದಲ್ಲಿ, ಅವನ ಹೆಸರಿನಲ್ಲಿಯೇ ಅದನ್ನು ಮತ್ತೆ ತೆರೆಯಿತು. ಈ ಸಲ ಅದರ ಬೆನ್ನಿಗೆ ಒಂದು ಸಂಸ್ಥೆಯಿತ್ತು. ಅರ್ಧ ಶತಮಾನ ಒಬ್ಬನ ದುಡಿಮೆಯನ್ನು ನೆಚ್ಚಿದ್ದ ಬಾಗಿಲು ಆ ಒಬ್ಬನು ಇಲ್ಲವಾದ ಮೇಲೆ ತೆರೆದದ್ದು ಹೀಗೆ.

ಸಂಸ್ಥೆಗಳ ಮಾತಾಯಿತು, ಕೊನೆಯದಾಗಿ ನಮ್ಮ ಪಾಲಿನ ಮಾತು. ಗೃಹಪ್ರವೇಶಕ್ಕೆ, ಮದುವೆಗೆ ನಾವು ಕೊಡುವ ಉಡುಗೊರೆಗಳನ್ನು ನೆನೆದುಕೊಳ್ಳಿ: ಒಂದರ ಮೇಲೊಂದು ಬಂದು ಬೀಳುವ ಗೋಡೆಗಡಿಯಾರಗಳು, ಸ್ಟೀಲಿನ ಡಬರಿಗಳು. ಅದೇ ಹಣಕ್ಕೆ ನಮ್ಮದೇ ಊರಿನ ಕಲಾವಿದನೊಬ್ಬ ಕೈಯಾರೆ ಅಚ್ಚೊತ್ತಿ, ಎಣಿಕೆ ಬರೆದು, ರುಜು ಹಾಕಿದ ಮೂಲಕೃತಿಯೊಂದು ಸಿಕ್ಕೀತು. ವರ್ಣಚಿತ್ರವನ್ನು ಕೊಳ್ಳುವುದು ಸಿರಿವಂತರಿಗೆ ಸಾಧ್ಯ; ಅಚ್ಚುಚಿತ್ರ ಮೇಷ್ಟರಿಗೂ ಗುಮಾಸ್ತರಿಗೂ ಎಟುಕುವಂಥದು. ಒಂದು ಊರಿನಲ್ಲಿ ಅಂಥ ಇನ್ನೂರು ಮನೆಗಳು ಸಿಕ್ಕಿದರೆ ಆ ಊರಿನ ಕಮ್ಮಟ ಯಾರೊಬ್ಬರ ತ್ಯಾಗವನ್ನೂ ಬೇಡದೆ ನಡೆಯುತ್ತದೆ. ಇನ್ನೂರು ಮನೆ ದೊಡ್ಡ ಸಂಖ್ಯೆಯೇನಲ್ಲ. ಅದರಲ್ಲಿ ಮೊದಲನೆಯದು ನಮ್ಮ ಮನೆಯಾಗಲೆಂದು ಯಾರಾದರೂ ಮುಂದೆ ಬರಬೇಕು, ಅಷ್ಟೆ.